ಬಿಡತಕ್ಕದ್ದು, ಉಳಿಸತಕ್ಕದ್ದು

ಶಿವಶರಣರ ಧರ್ಮದಲ್ಲಿ ಅರಿವಿಗೆ ಅಗ್ರಸ್ಥಾನವುಂಟು. ಅರಿವನ್ನು ಕೂಡಿಕೊಂಡಾಗಲೇ ಭಕ್ತಿಯು ನೆಲೆಗೊಳ್ಳುವುದು, ಆಚಾರವು ನೆಟ್ಟಗೆ ನಡೆಯುವುದು. ಅರಿವೆಂದರೆ ದೊಡ್ಡ ಗ್ರಂಥಗಳ ಪಾಂಡಿತ್ಯವೆಂದೇ ಭಾವಿಸಬೇಕಾಗಿಲ್ಲ. ಯಾವುದನ್ನು ಬಿಡಬೇಕು, ಯಾವುದನ್ನು ಉಳಿಸಿಕೊಳ್ಳಬೇಕು ಎಂಬ ವಿವೇಕವೇ ಅದರ ಮೊದಲ ಮೆಟ್ಟಿಲು. ಸಂಸಾರದಲ್ಲಿರುವ ಭಕ್ತನಿಗೆ ಈ ವಿವೇಕದ ಪರೀಕ್ಷೆಯು ಮಠದ ಅಂಗಳಕ್ಕಿಂತ ಹೆಚ್ಚಾಗಿ ಮನೆಯ ಮೂಲೆಯಲ್ಲಿ, ದಿನಬಳಕೆಯ ವಸ್ತುಗಳ ನಡುವೆಯೇ ಒದಗುವುದು. ದೃಷ್ಟಾಂತವಾಗಿ ಒಂದು ಮನೆಯ ಸಂಗತಿಯನ್ನು ಪರಿಭಾವಿಸಬಹುದು.

ಬಯಲುಸೀಮೆಯ ಒಂದು ಊರಿನಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರು. ಅವರ ಮನೆಯ ದೇವರ ಜಗಲಿಯ ಮೇಲೆ ಅಜ್ಜನವರ ಕಾಲದಿಂದ ಬಂದ ವಚನಗಳ ಓಲೆಯ ಕಟ್ಟುಗಳೆರಡು. ವೃತ್ತಿಯಿಂದ ಬಿಡುವಾದ ಮೇಲೆ ಅವುಗಳನ್ನು ಒಂದೊಂದೇ ಗರಿಯಾಗಿ ಓದಿ, ಲ್ಯಾಪ್‌ಟಾಪಿನಲ್ಲಿ ಬರೆದಿಡುವುದನ್ನೇ ಅವರು ತಮ್ಮ ಕಾಯಕವಾಗಿ ಕೈಕೊಂಡರು. ಆ ಯಂತ್ರವು ೨೦೧೪ರಲ್ಲಿ ಕೊಂಡುದು. ವರ್ಷಗಳು ಕಳೆದಂತೆ ಅದರ ಬ್ಯಾಟರಿಯು ಕಾಲು ಗಂಟೆಯೂ ನಿಲ್ಲದಾಯಿತು. ಉಪಾಧ್ಯಾಯರು ಹಗಲಿರುಳೂ ಚಾರ್ಜರನ್ನು ಸಿಕ್ಕಿಸಿಯೇ ಇಟ್ಟರು. ಕೆಲವು ತಿಂಗಳ ಮೇಲೆ ಯಂತ್ರದ ತಳವು ಉಬ್ಬಿತು. ಮೇಜಿನ ಮೇಲೆ ಇಟ್ಟರೆ ತೊಟ್ಟಿಲಂತೆ ತೂಗತೊಡಗಿತು. ಬೆರಳಾಡಿಸುವ ಫಲಕವು ಒತ್ತಿದರೂ ಒತ್ತದಾಯಿತು. ಉಬ್ಬು ಇಳಿಯಲೆಂದು ಅವರು ರಾತ್ರಿಯ ಹೊತ್ತು ಅದರ ಮೇಲೆ ಎರಡು ದಪ್ಪ ಪುಸ್ತಕಗಳನ್ನು ಹೇರಿ ಮಲಗುತ್ತಿದ್ದರು.

ರಜೆಗೆ ಬಂದ ಮಗನು ನೋಡಿ, “ಅಪ್ಪಾ, ಇದು ಮುದಿಯಾಯಿತು. ಎಸೆದುಬಿಡಿ, ಹೊಸದನ್ನು ತರೋಣ” ಎಂದನು. ತಂದೆಯವರು, “ಇಷ್ಟು ವರ್ಷ ದುಡಿದ ಯಂತ್ರವಪ್ಪಾ. ಹೇಗೋ ನಡೆಯುತ್ತಿದೆ, ನಡೆಯಲಿ ಬಿಡು” ಎಂದರು. ಸೊಸೆಯು ಇಬ್ಬರ ಮಾತನ್ನೂ ಕೇಳಿ ನುಡಿದಳು: “ಮಾವನವರೇ, ಓಲೆಯ ಕಟ್ಟಿನ ದಾರ ಹರಿದಾಗ ಅಜ್ಜನವರು ಗರಿಗಳನ್ನು ಎಸೆದರೇ? ಹರಿದ ದಾರವನ್ನೇ ಇಟ್ಟುಕೊಂಡು ಗರಿಗಳನ್ನು ಚೆದುರಲು ಬಿಟ್ಟರೇ? ದಾರವನ್ನಷ್ಟೇ ಬದಲಿಸಿದರಲ್ಲವೇ?”

ಈ ಮಾತಿನಲ್ಲಿ ಒಂದು ಶಾಸ್ತ್ರವೇ ಅಡಗಿದೆ. ಶಿವದಾರವು ಸವೆದಾಗ ಭಕ್ತನು ಹೊಸ ದಾರವನ್ನು ಧರಿಸುವನು, ಇಷ್ಟಲಿಂಗವನ್ನು ಬಿಡುವನೇ? ದಾರವು ಸವೆಯುವ ವಸ್ತು, ಲಿಂಗವು ಪ್ರಾಣಕ್ಕೆ ಸಮನಾದ ವಸ್ತು. ಸವೆಯುವುದಕ್ಕಾಗಿ ಉಳಿಯತಕ್ಕದ್ದನ್ನು ಕಳೆದುಕೊಳ್ಳುವುದು ಅವಿವೇಕ. ಮೋಹದಿಂದ ಸವೆದುದನ್ನೇ ಹಿಡಿದಿರುವುದೂ ಅವಿವೇಕ. ಮಗನ ಮಾತಿನಲ್ಲಿ ಮೊದಲನೆಯ ದೋಷ, ತಂದೆಯ ಮಾತಿನಲ್ಲಿ ಎರಡನೆಯ ದೋಷ.

ಬ್ಯಾಟರಿಯು ಉಬ್ಬುವುದೇಕೆ? ಈ ಬಗೆಯ ಯಂತ್ರಗಳಲ್ಲಿರುವುದು ಲಿಥಿಯಂ ಅಯಾನ್ ಬ್ಯಾಟರಿ. ೧೯೯೧ರಲ್ಲಿ ಇದು ಮೊದಲು ಮಾರುಕಟ್ಟೆಗೆ ಬಂದಿತು. ಇದರ ಮೂಲ ಸಂಶೋಧಕರಾದ ಗುಡ್‌ಇನಫ್, ವಿಟಿಂಗ್‌ಹ್ಯಾಂ, ಯೋಶಿನೋ ಎಂಬ ಮೂವರಿಗೆ ೨೦೧೯ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು. ಒಂದು ಬದಿಯ ಪದರದಿಂದ ಇನ್ನೊಂದು ಬದಿಯ ಪದರಕ್ಕೆ ಲಿಥಿಯಂ ಕಣಗಳು ಒಂದು ದ್ರವದ ಮೂಲಕ ಹೋಗಿಬರುವುದೇ ಇದರ ವ್ಯಾಪಾರ. ಪ್ರತಿ ಸಲದ ಹೋಗಿಬರುವಿಕೆಯಲ್ಲಿಯೂ ಕಿಂಚಿತ್ತು ಸವೆತವುಂಟು. ಸದಾ ಪೂರ್ಣವಾಗಿ ತುಂಬಿಯೇ ಇದ್ದು, ಅದರೊಡನೆ ಕಾವೂ ಸೇರಿದರೆ ಸವೆತವು ಹೆಚ್ಚುವುದು. ಒಳಗಿನ ದ್ರವವು ಕೆಟ್ಟು ಅನಿಲವಾಗುವುದು. ಆ ಅನಿಲವೇ ಹೊರಗೆ ಉಬ್ಬಾಗಿ ಕಾಣುವುದು. ಅಂತಹುದನ್ನು ಒತ್ತಿದರೆ, ಚುಚ್ಚಿದರೆ ಪದರಗಳು ಒಂದಕ್ಕೊಂದು ತಾಗಿ ಬೆಂಕಿ ಹೊತ್ತಿಕೊಳ್ಳುವ ಭಯವುಂಟು. ಉಪಾಧ್ಯಾಯರು ಮೇಲೆ ಹೇರಿದ ಪುಸ್ತಕಗಳು ರೋಗಕ್ಕೆ ಮದ್ದಾಗಿರಲಿಲ್ಲ. ವಚನದ ಬರಹಗಳ ಬುಡದಲ್ಲಿ ಇಟ್ಟ ಕೆಂಡವಾಗಿದ್ದವು.

ಸೊಸೆಯು ಅಂದೇ ಯಂತ್ರವನ್ನು ಆರಿಸಿ ಚಾರ್ಜರನ್ನು ಕಿತ್ತಳು. ಮರುದಿನ ಅವರು ಅದನ್ನು ರಿಪೇರಿಯವನ ಬಳಿಗೆ ಒಯ್ದರು. ಅವನು ಮೊದಲು ಬ್ಯಾಟರಿಯನ್ನು ಜೋಪಾನವಾಗಿ ಕಳಚಿ, ಯಂತ್ರಕ್ಕೆ ನೇರವಾಗಿ ವಿದ್ಯುತ್ತನ್ನು ಕೊಟ್ಟು, ಬರಹಗಳೆಲ್ಲವನ್ನೂ ಬೇರೆಡೆಗೆ ಪ್ರತಿ ಮಾಡಿಕೊಟ್ಟನು. ಪ್ರತಿ ಮಾಡುವುದು ಹಿಂದಿನವರಿಗೆ ಹೊಸತಲ್ಲ. ಗರಿಗಳು ಜೀರ್ಣವಾಗುವ ಮುನ್ನವೇ ಹೊಸ ಗರಿಗಳಿಗೆ ಬರೆದಿಟ್ಟ ಪುಣ್ಯಾತ್ಮರಿಂದಲೇ ಶರಣರ ವಚನಗಳು ಉಳಿದು ಬಂದವು. ಡಾ. ಫ. ಗು. ಹಳಕಟ್ಟಿಯವರು ಮನೆಮನೆಯ ಓಲೆಯ ಕಟ್ಟುಗಳನ್ನು ಅರಸಿ ತಂದು, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವನ್ನು ಬೆಳಕಿಗೆ ತಾರದಿದ್ದರೆ ಅವುಗಳಲ್ಲಿ ಎಷ್ಟೋ ಗೆದ್ದಲಿನ ಪಾಲಾಗುತ್ತಿದ್ದವು.

ಬಳಿಕ ಆ ಕಾಯಕಜೀವಿಯು ಯಂತ್ರವನ್ನು ಪರೀಕ್ಷಿಸಿ, “ಪರದೆ ಚೆನ್ನಾಗಿದೆ, ಕೀಲಿಮಣೆ ಚೆನ್ನಾಗಿದೆ. ಬ್ಯಾಟರಿಯೊಂದನ್ನು ಬದಲಿಸಿದರೆ ಸಾಕು. ಹೆಸರಿಲ್ಲದ ಅಗ್ಗದ ಮಾಲು ಬೇಡ, ಇದೇ ಮಾದರಿಗೆ ಹೊಂದುವ ಅಸಲನ್ನೇ ತರಿಸುತ್ತೇನೆ” ಎಂದನು. ಬೇಡದುದನ್ನು ಮಾರದೆ, ಬೇಕಾದುದರಲ್ಲಿ ಮೋಸವೆಸಗದೆ ದುಡಿಯುವುದೇ ಸತ್ಯಶುದ್ಧ ಕಾಯಕ. ಹೊಸ ಬ್ಯಾಟರಿ ಬಂದಿತು, ಯಂತ್ರವು ಮೊದಲಿನಂತಾಯಿತು. ಅವನು ಹಳೆಯ ಬ್ಯಾಟರಿಯ ಲೋಹದ ತುದಿಗಳಿಗೆ ಪಟ್ಟಿ ಅಂಟಿಸಿ ಪೆಟ್ಟಿಗೆಯಲ್ಲಿಟ್ಟು, ಅಧಿಕೃತ ಸಂಗ್ರಹ ಕೇಂದ್ರಕ್ಕೆ ಇಂದೇ ಒಪ್ಪಿಸಬೇಕೆಂದು ಹೇಳಿ ಅವರ ಕೈಗಿತ್ತನು.

ಕಥೆಯು ಇಲ್ಲಿಗೆ ಮುಗಿಯಲಿಲ್ಲ. ಕೇಂದ್ರವು ಊರಿನಾಚೆ, ಬಿಸಿಲು ಬೇರೆ. ಉಪಾಧ್ಯಾಯರು ಮನೆಗೆ ಬಂದವರೇ ಅದನ್ನು ಹಳೆಯ ವೃತ್ತಪತ್ರಿಕೆಗಳ ಕಟ್ಟಿನೊಡನೆ ಗುಜರಿಯವನಿಗೆ ಹಾಕಿದರು. ಸಂಜೆ ಸೊಸೆಯು ಕೇಳಿದಾಗ, “ಕೆಟ್ಟದ್ದು ಮನೆಯಿಂದ ಹೋಯಿತಲ್ಲ ತಾಯಿ” ಎಂದರು. ಆಕೆ, “ನಮ್ಮ ಮನೆಯಿಂದ ಹೋಯಿತು ಮಾವನವರೇ, ಅವನ ಮನೆಗೆ ಹೋಯಿತು. ತಾಮ್ರ ಸಿಕ್ಕೀತೆಂದು ಅವನು ಸುತ್ತಿಗೆಯಿಂದ ಬಡಿಯುತ್ತಾನೆ, ಪಕ್ಕದಲ್ಲೇ ಅವನ ಮಗು ಕಾಗದದ ಮೇಲೆ ಮಲಗಿರುತ್ತದೆ” ಎಂದಳು. ಉಪಾಧ್ಯಾಯರು ಮರುಮಾತಾಡದೆ ಚಪ್ಪಲಿ ಮೆಟ್ಟಿ ಹೊರಟರು. ಗುಜರಿಯವನ ರಾಶಿಯಲ್ಲಿ ಕಾಗದಗಳ ನಡುವೆ ಪೆಟ್ಟಿಗೆಯು ಇನ್ನೂ ಬಿಚ್ಚದೆ ಇದ್ದಿತು. ಅವನು ಕೊಟ್ಟಿದ್ದ ಹಣವನ್ನು ಹಿಂದಿತ್ತು, ಪೆಟ್ಟಿಗೆಯನ್ನು ಮರಳಿ ಪಡೆದು, ಮರುದಿನ ತಾವೇ ಕೇಂದ್ರಕ್ಕೆ ಮುಟ್ಟಿಸಿ ಬಂದರು. ೨೦೨೨ರಲ್ಲಿ ಭಾರತ ಸರಕಾರವು ಹೊರಡಿಸಿದ ನಿಯಮಗಳಂತೆ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಸಂಸ್ಕರಿಸುವ ಹೊಣೆಯು ತಯಾರಕರದು. ಆದರೆ ಮನೆಯಿಂದ ಅಲ್ಲಿಗೆ ತಲುಪಿಸುವ ಧರ್ಮವು ಗೃಹಸ್ಥನದೇ.

ಆಯ್ದಕ್ಕಿ ಲಕ್ಕಮ್ಮನವರ ಚರಿತ್ರೆಯು ಇಲ್ಲಿ ನೆನಪಿಗೆ ಬಾರದಿರದು. ಕಲ್ಯಾಣದಲ್ಲಿ ಅಕ್ಕಿಯನ್ನು ಆಯ್ದು ತರುತ್ತಿದ್ದ ಪತಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಆ ಮಹಾತಾಯಿಯು ಅದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಕಳುಹಿದರು. ಅಗತ್ಯಕ್ಕೆ ಮೀರಿ ಮನೆಯೊಳಗೆ ಬಂದುದನ್ನು ಹಿಂದಿರುಗಿಸಲು ಮಾರಯ್ಯನವರು ನಡೆದರು; ವಿವೇಕವಿಲ್ಲದೆ ಮನೆಯಿಂದ ಹೊರಹಾಕಿದುದನ್ನು ಹಿಂದೆ ತರಲು ಈ ಉಪಾಧ್ಯಾಯರು ನಡೆದರು. ಎರಡೂ ನಡೆಗಳ ಮೂಲವು ಒಂದೇ: ತನ್ನ ಮನೆಯ ಶುದ್ಧಿಯು ಪರರ ಮನೆಯ ಕೇಡಾಗಬಾರದು. ಶೇಷವನ್ನು ವಿಚಾರಿಸದ ತ್ಯಾಗವು ತ್ಯಾಗವಲ್ಲ, ಹೊರೆಯನ್ನು ಬಡವನ ಹೆಗಲಿಗೆ ದಾಟಿಸುವುದು ಮಾತ್ರ.

ಹೊಸ ಬ್ಯಾಟರಿಯೂ ಒಂದು ಪಾಠವನ್ನು ಹೇಳುವುದು. ನೂರಕ್ಕೆ ಎಂಬತ್ತರಷ್ಟು ತುಂಬಿದೊಡನೆ ನಿಲ್ಲುವಂತೆ ಅನೇಕ ಯಂತ್ರಗಳಲ್ಲಿ ವ್ಯವಸ್ಥೆ ಮಾಡಬಹುದು. ಹಾಗೆ ಮಾಡಿದರೆ ಬ್ಯಾಟರಿಯು ಬಹುಕಾಲ ಬಾಳುವುದು. ಸದಾ ತುಂಬಿಕೊಂಡೇ ಇರಬೇಕೆಂಬ ಹವಣಿಕೆಯೇ ಅದರ ಆಯುಷ್ಯವನ್ನು ತಿನ್ನುವುದು. ಮನುಷ್ಯನ ಸಂಗ್ರಹಬುದ್ಧಿಯ ಗತಿಯೂ ಇದೇ ಅಲ್ಲವೆ?

ಇನ್ನು ಅಂತರಂಗದ ಮಾತು. ಮನಸ್ಸಿನಲ್ಲಿ ಕ್ರೋಧವೋ ಅಸೂಯೆಯೋ ಉಬ್ಬಿದಾಗ ಅದರ ಮೇಲೆ ಪುಸ್ತಕಪಾಂಡಿತ್ಯವನ್ನು ಹೇರಿ ಒತ್ತಿದರೆ ಅದು ಅಡಗದು, ಒಂದು ದಿನ ಉರಿದೇಳುವುದು. ಬಿಚ್ಚಿ ನೋಡಿ, ದೋಷವನ್ನು ಗುರುತಿಸಿ, ಜೋಪಾನವಾಗಿ ಕಳಚಬೇಕು. ಒಡಹುಟ್ಟಿದವನಲ್ಲಿ ಒಂದು ದೋಷ ಕಂಡಿತೆಂದು ಒಡಹುಟ್ಟಿದವನನ್ನೇ ಬಿಡುವ ಮನೆಗಳೂ ಉಂಟು. ಹಾಗೆ ಬಿಡುವ ಮುನ್ನ, ಕೆಟ್ಟುದು ಯಂತ್ರವೋ ಬ್ಯಾಟರಿಯೋ ಎಂದು ಒಮ್ಮೆ ವಿಚಾರಿಸುವುದು ಲೇಸು.

ಉಪಾಧ್ಯಾಯರು ಎರಡನೆಯ ಕಟ್ಟಿನ ಕಡೆಯ ಗರಿಯನ್ನು ಬರೆದು ಮುಗಿಸಿದುದು ಅದೇ ಹಳೆಯ ಯಂತ್ರದಲ್ಲಿ. ಬಿಡತಕ್ಕದ್ದನ್ನು ಬಿಟ್ಟು ಉಳಿಸತಕ್ಕದ್ದನ್ನು ಉಳಿಸುವ ಅರಿವು ಸರ್ವ ಶರಣಸಂಕುಲಕ್ಕೂ ದೊರೆಯಲಿ.