ಬಾಡಿಗೆಯ ನೆರವು ಮತ್ತು ಬಡವರ ಮಾನ

ಹಸಿದವನಿಗೆ ಅನ್ನ ಬಡಿಸುವಾಗ ನಾವು ಹೆಚ್ಚು ಪ್ರಶ್ನೆ ಕೇಳುವುದಿಲ್ಲ. ರೋಗಿಗೆ ಔಷಧಿ ಕೊಡಿಸಲು ವೈದ್ಯರ ಚೀಟಿಯೊಂದೇ ಸಾಕು. ಆದರೆ ಒಬ್ಬರ ಮನೆ ಬಾಡಿಗೆ ಕಟ್ಟಲು ಹೊರಟಾಗ ಮಾತ್ರ ನಮ್ಮ ಪ್ರಶ್ನೆಗಳು ಮುಗಿಯುವುದೇ ಇಲ್ಲ. ಗಂಡ ಏನು ಮಾಡುತ್ತಾನೆ? ಅಣ್ಣ ತಮ್ಮಂದಿರಿಲ್ಲವೇ? ಇನ್ನೂ ಚಿಕ್ಕ ಮನೆ ಸಿಗಲಿಲ್ಲವೇ? ನೆರವು ನೀಡುವುದೆಂದರೆ ಇನ್ನೊಬ್ಬರ ಬದುಕನ್ನು ವಿಚಾರಣೆ ಮಾಡುವ ಅಧಿಕಾರವನ್ನು ಪಡೆಯುವುದು ಎಂದರ್ಥವೇ?

ಕೆಲವು ವರ್ಷಗಳ ಹಿಂದೆ ಕರಾವಳಿಯ ನಮ್ಮ ಊರಿನಲ್ಲಿ ನಾವು ಏಳೆಂಟು ಮಂದಿ ಸೇರಿ, ಬಾಡಿಗೆ ಕಟ್ಟಲಾಗದ ಕುಟುಂಬಗಳಿಗಾಗಿ ಒಂದು ಸಣ್ಣ ನಿಧಿಯನ್ನು ಕೂಡಿಸಿದೆವು. ಝಕಾತ್‌ನ ಹಣಕ್ಕೆ ಪ್ರತ್ಯೇಕ ಲೆಕ್ಕವಿಟ್ಟೆವು. ಉಳಿದ ದಾನದ ಹಣವನ್ನು ಜಾತಿ, ಧರ್ಮ ನೋಡದೆ ಎಲ್ಲರಿಗೂ ಮೀಸಲಿಟ್ಟೆವು. ಝಕಾತ್‌ಗೆ ಅರ್ಹರೆಂದು ಕುರ್‌ಆನ್ ಹೇಳುವ ಎಂಟು ವರ್ಗಗಳಲ್ಲಿ ಸಾಲದಲ್ಲಿ ಸಿಲುಕಿದವರೂ ಇದ್ದಾರೆ. ಬಾಡಿಗೆಯ ಬಾಕಿಯೂ ಒಂದು ಸಾಲವೇ ಅಲ್ಲವೇ?

ನಮ್ಮ ಕಡೆ ಬಡವರಿಗೆ ಅತಿ ಕಷ್ಟದ ತಿಂಗಳು ಜೂನ್. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ದೋಣಿಯಲ್ಲಿ ದುಡಿಯುವವರಿಗೂ, ಬಂದರಿನಲ್ಲಿ ಮೀನಿನ ಬುಟ್ಟಿ ಹೊರುವವರಿಗೂ ಕೆಲಸವಿಲ್ಲ. ಮಳೆ ಹಿಡಿದರೆ ಗಾರೆ ಕೆಲಸವೂ ನಿಲ್ಲುತ್ತದೆ. ಶಾಲೆಗಳು ತೆರೆಯುವುದೂ ಅದೇ ಹೊತ್ತಿಗೆ. ಪುಸ್ತಕ, ಕೊಡೆ, ಶುಲ್ಕವೆಂದು ಇದ್ದಬದ್ದ ಹಣವೆಲ್ಲ ಖರ್ಚಾಗಿ ಬಾಡಿಗೆ ಬಾಕಿಯಾಗುತ್ತದೆ. ಒಂದು ತಿಂಗಳ ಬಾಕಿ ಎರಡಾಗಿ, ಎರಡು ಮೂರಾಗಿ, ಕೊಟ್ಟಿದ್ದ ಅಡ್ವಾನ್ಸಿನಲ್ಲೇ ಮುರಿದುಹೋಗುತ್ತದೆ. ಕೊನೆಗೆ ಮನೆ ಬಿಡಬೇಕು. ಬೇರೆ ಮನೆ ಹಿಡಿಯಲು ಮತ್ತೆ ಅಡ್ವಾನ್ಸ್ ಬೇಕು. ಒಂದು ತಿಂಗಳ ಬಾಡಿಗೆಗೇ ದಾರಿಯಿಲ್ಲದವರು ಅದನ್ನೆಲ್ಲಿಂದ ತಂದಾರು? ಆದುದರಿಂದ ಸಕಾಲದಲ್ಲಿ ಸಿಗುವ ಒಂದೆರಡು ತಿಂಗಳ ಬಾಡಿಗೆ, ಮನೆ ಕಳಕೊಂಡ ಮೇಲೆ ಸಿಗುವ ಎಷ್ಟೋ ಪಟ್ಟು ಹಣಕ್ಕಿಂತ ಮಿಗಿಲು.

ಇದೆಲ್ಲ ತಿಳಿದಿದ್ದೂ ನಾವು ಎಡವಿದೆವು. ಒಂದು ಮಳೆಗಾಲದಲ್ಲಿ ಬೀಡಿ ಕಟ್ಟುವ ಹೆಂಗಸೊಬ್ಬರು ನೆರವು ಕೋರಿದರು. ಅವರ ಗಂಡ ದೋಣಿಯಲ್ಲಿ ದುಡಿಯುತ್ತಿದ್ದರು. ನಮ್ಮಲ್ಲಿ ಇಬ್ಬರು ಮನೆ ನೋಡಲು ಹೋದರು. ಒಳಗೊಂದು ಫ್ರಿಜ್ ಇತ್ತು. ಫ್ರಿಜ್ ಇರುವವರಿಗೆ ಬಾಡಿಗೆ ಕಟ್ಟಲಾಗುವುದಿಲ್ಲವೇ ಎಂದುಕೊಂಡು ಅವರ ಹೆಸರನ್ನು ಬಿಟ್ಟೆವು. ಆ ಹೆಂಗಸು ಒಂದು ಮಾತನ್ನೂ ಆಡಲಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಆ ಮನೆಯ ಸಾಮಾನು ಟೆಂಪೊ ಏರಿತು, ಮಕ್ಕಳ ಶಾಲೆ ಬದಲಾಯಿತು. ಆಮೇಲೆ ನೆರೆಮನೆಯವರಿಂದ ತಿಳಿಯಿತು: ಅವರು ಕಂತಿನಲ್ಲಿ ಆ ಫ್ರಿಜ್ ಕೊಂಡದ್ದು ಐಸ್ ಕ್ಯಾಂಡಿ ಮಾಡಿ ಮಾರಲು. ಮಳೆಗಾಲದಲ್ಲಿ ಅದನ್ನು ಕೊಳ್ಳುವವರಿರಲಿಲ್ಲ. ಯಾವುದನ್ನು ನಾವು ಸಿರಿತನದ ಗುರುತೆಂದು ಕಂಡೆವೋ ಅದು ಅವರ ದುಡಿಮೆಯ ಸಾಧನವಾಗಿತ್ತು. ಬೇಡಲು ನಾಚುವುದರಿಂದ ನೋಡುವವರಿಗೆ ಅನುಕೂಲಸ್ಥರಂತೆ ಕಾಣುವ ಬಡವರ ಬಗ್ಗೆ ಕುರ್‌ಆನ್ ಎಚ್ಚರಿಸುತ್ತದೆ. ಅದನ್ನು ನಾವು ಎಷ್ಟೋ ಬಾರಿ ಓದಿದ್ದೆವು. ಆ ಮನೆಯ ಹೊಸ್ತಿಲಲ್ಲಿ ಮಾತ್ರ ಅದು ನೆನಪಾಗಲಿಲ್ಲ.

ಹಾಗಾದರೆ ವಿಚಾರಿಸಲೇಬಾರದೇ? ಹಾಗೆಂದೂ ಹೇಳಲಾಗದು. ನಿಧಿಯ ಹಣ ನಮ್ಮದಲ್ಲ, ಅದು ಅಮಾನತ್ತು. ಸುಳ್ಳು ಹೇಳಿದವರಿಗೆ ಕೊಟ್ಟರೆ ನಿಜವಾಗಿ ಕಷ್ಟದಲ್ಲಿರುವವರ ಪಾಲನ್ನು ಕಸಿದಂತಾಗುತ್ತದೆ. ಆದರೆ ಒಬ್ಬ ಮೋಸಗಾರನನ್ನು ತಡೆಯಲು ಹತ್ತು ಮಂದಿ ಸಜ್ಜನರನ್ನು ಅವಮಾನಿಸುವುದು ಯಾವ ನ್ಯಾಯ? ಕೊಡುವುದರಲ್ಲಿ ತಪ್ಪಿದರೆ ನಮಗೆ ನಷ್ಟವಾಗುವುದು ಹಣ. ಕೊಡದೆ ತಪ್ಪಿದರೆ ಅವರಿಗೆ ನಷ್ಟವಾಗುವುದು ಮನೆ. ಈ ಎರಡು ತಪ್ಪುಗಳು ಸಮನಲ್ಲ. ಸಂಶಯ ಬಂದಾಗ ಯಾವ ಕಡೆಗೆ ವಾಲಬೇಕೆಂಬುದು ನಮಗೆ ಸ್ಪಷ್ಟವಾದದ್ದು ಆ ಟೆಂಪೊ ಹೊರಟುಹೋದ ಮೇಲೆ.

ಮನೆ ಮಾಲಕರ ವಿಚಾರವೂ ಸರಳವಲ್ಲ. ಬಾಡಿಗೆ ಕೇಳುವವರೆಲ್ಲ ನಿರ್ದಯಿಗಳು ಎಂದು ಭಾವಿಸುವುದು ಸುಲಭ. ನಮಗೆ ಎದುರಾದ ಮಾಲಕರಲ್ಲಿ ಒಬ್ಬ ವಿಧವೆ ಇದ್ದರು. ಮನೆಯ ಹಿಂದಿನ ಎರಡು ಕೋಣೆಗಳ ಬಾಡಿಗೆಯಿಂದಲೇ ಅವರ ಔಷಧಿ ನಡೆಯುತ್ತಿತ್ತು. ‘ಎರಡು ತಿಂಗಳು ಬಿಟ್ಟುಬಿಡಿ ಉಮ್ಮಾ’ ಎಂದು ನಾವು ಕೇಳಿದ್ದರೆ, ಒಬ್ಬ ಬಡವರ ಹೊರೆಯನ್ನು ಇನ್ನೊಬ್ಬ ಬಡವರ ಹೆಗಲಿಗೆ ಏರಿಸಿದಂತಾಗುತ್ತಿತ್ತು. ಬಾಡಿಗೆಯ ನೆರವು ಒಮ್ಮೊಮ್ಮೆ ಎರಡು ಒಲೆಗಳನ್ನು ಉರಿಸುತ್ತದೆ.

ಮೊದಲು ಹಣವನ್ನು ನೇರವಾಗಿ ಮಾಲಕರಿಗೇ ಕೊಡುತ್ತಿದ್ದೆವು. ಆದರೆ ಇವರು ದಾನದ ಮೇಲೆ ಬದುಕುವವರೆಂದು ತಿಳಿದೊಡನೆ ಕೆಲವರ ಮಾತಿನ ಧಾಟಿಯೇ ಬದಲಾಗುತ್ತಿತ್ತು. ಈಗ ಬಾಡಿಗೆದಾರರ ಕೈಗೇ ಕೊಟ್ಟು, ಬಾಡಿಗೆಯ ರಸೀದಿಯನ್ನಷ್ಟೇ ಕೇಳುತ್ತೇವೆ. ಫೋಟೊ ಇಲ್ಲ, ಸಭೆ ಇಲ್ಲ. ಹೆಸರುಗಳು ನಮ್ಮಲ್ಲಿ ಇಬ್ಬರಿಗೆ ಮಾತ್ರ ಗೊತ್ತು.

ಇಷ್ಟಾದರೂ ಒಂದು ಪ್ರಶ್ನೆ ಬಗೆಹರಿದಿಲ್ಲ. ನಿಧಿ ಎಲ್ಲರಿಗೂ ಸಾಲುವುದಿಲ್ಲ. ಒಂದು ತಿಂಗಳು ಹಿಂದೆ ಬಿದ್ದವರನ್ನು ಉಳಿಸಬೇಕೇ, ಆಗಲೇ ಬೀದಿಗೆ ಬಿದ್ದವರನ್ನು ಎತ್ತಬೇಕೇ? ಮೊದಲನೆಯದರಿಂದ ಹೆಚ್ಚು ಮನೆಗಳು ಉಳಿಯುತ್ತವೆ. ಆದರೆ ಅತಿ ಹೆಚ್ಚು ನೊಂದವರು ಹೊರಗೇ ಉಳಿಯುತ್ತಾರೆ. ಪ್ರತಿ ವರ್ಷವೂ ನಾವು ಭಾರವಾದ ಮನಸ್ಸಿನಿಂದಲೇ ಆರಿಸುತ್ತೇವೆ.

ದಾನವೊಂದೇ ಇದಕ್ಕೆ ಪರಿಹಾರವಲ್ಲ ಎಂಬುದು ಇದರಿಂದಲೇ ತಿಳಿಯುತ್ತದೆ. ವಸತಿಯ ಹಕ್ಕು ಜೀವಿಸುವ ಹಕ್ಕಿನೊಳಗೇ ಅಡಕವಾಗಿದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಚಮೇಲಿ ಸಿಂಗ್ ಪ್ರಕರಣದಲ್ಲಿ ಹೇಳಿತು. 2021ರಲ್ಲಿ ಕೇಂದ್ರ ಸರಕಾರ ರೂಪಿಸಿದ ಮಾದರಿ ಬಾಡಿಗೆ ಕಾಯ್ದೆಯ ಪ್ರಕಾರ ವಾಸದ ಮನೆಯ ಮುಂಗಡ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದು. ಆದರೆ ಆಯಾ ರಾಜ್ಯಗಳು ಶಾಸನ ಮಾಡಿದಾಗಲೇ ಅದಕ್ಕೆ ಬಲ. ಹಕ್ಕನ್ನು ಹಕ್ಕಾಗಿಯೇ ಕೇಳುವುದೂ ನಮ್ಮ ಕರ್ತವ್ಯ.

ಅಲ್ಲಿಯವರೆಗೆ ನಮ್ಮ ನೆರೆಯವರ ಮನೆ ಉಳಿಸುವ ಹೊಣೆ ನಮ್ಮ ಮೇಲಿದೆ. ಮನೆಯೆಂದರೆ ಗೋಡೆ, ಮಾಡು ಮಾತ್ರವಲ್ಲ. ಒಬ್ಬರು ಬಾಗಿಲು ಮುಚ್ಚಿಕೊಂಡು ತಮ್ಮ ಬಡತನವನ್ನು ತಮ್ಮಲ್ಲೇ ಇಟ್ಟುಕೊಳ್ಳಬಲ್ಲ ಜಾಗವೂ ಹೌದು. ಆ ಮನೆಯನ್ನು ಉಳಿಸುತ್ತೇವೆಂದು ಹೊರಟ ನಾವೇ ಅವರ ಬಾಗಿಲನ್ನು ಊರಿಗೆಲ್ಲ ತೆರೆದಿಟ್ಟರೆ, ನಾವು ಉಳಿಸಿದ್ದಾದರೂ ಏನನ್ನು?