ವಾರ್ತೆ ಯಾವುದು, ಅಭಿಮತ ಯಾವುದು?

ಮಾನವನು ತನ್ನ ಕಣ್ಣಿಗೆ ಕಂಡ ಜಗತ್ತಿಗಿಂತ ಕಿವಿಗೆ ಬಿದ್ದ ಜಗತ್ತನ್ನು ನಂಬಿ ಬಾಳುವುದೇ ಹೆಚ್ಚು. ನಾವು ಹೋಗದ ಊರಿನಲ್ಲಿ ನಡೆದುದನ್ನು ನಮಗೆ ತಿಳಿಸುವವನು ವರದಿಗಾರ. ಅವನ ಒಂದೊಂದು ಮಾತನ್ನೂ ಪರೀಕ್ಷಿಸುವ ಸಾಧನ ನಮ್ಮಲ್ಲಿಲ್ಲ, ಆದುದರಿಂದ ನಂಬುತ್ತೇವೆ. ಆ ನಂಬಿಕೆಯೇ ಅವನ ಬಂಡವಾಳ, ಅದೇ ಅವನ ಹೊಣೆ. ನಡೆದುದನ್ನು ನಡೆದಂತೆ ಹೇಳುವುದು ವಾರ್ತೆ. ನಡೆದುದರ ಬಗೆಗೆ ತನಗೆ ತೋರಿದುದನ್ನು ಹೇಳುವುದು ಅಭಿಮತ. ಎರಡೂ ಸಮಾಜಕ್ಕೆ ಬೇಕು. ಆದರೆ ಇವೆರಡರ ನಡುವಣ ಗೆರೆ ಅಳಿಸಿಹೋದರೆ ಆಗುವ ಕೇಡೇನು? ಈ ಪ್ರಶ್ನೆಗೆ ಉತ್ತರವನ್ನು ದೂರ ಹುಡುಕಬೇಕಾಗಿಲ್ಲ. ನಮ್ಮ ಕಾವೇರಿಯ ದಡದಲ್ಲಿಯೇ ಅದು ದೊರೆಯುತ್ತದೆ.

ಕನ್ನಂಬಾಡಿಯಲ್ಲಿ 1911ರಲ್ಲಿ ಕೆಲಸ ಆರಂಭವಾಗಿ ಎದ್ದು ನಿಂತ ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ, ಅದರ ಒಡಲು ಹಿಡಿಯುವ ನೀರು 49.452 ಟಿಎಂಸಿ. ಮಳೆಗಾಲ ಬಂತೆಂದರೆ ಈ ಭಾಗದ ರೈತರು ಪತ್ರಿಕೆಯಲ್ಲಿ ಮೊದಲು ನೋಡುವುದು ಕಟ್ಟೆಯ ಇಂದಿನ ಮಟ್ಟ, ಒಳಹರಿವು, ಹೊರಹರಿವು ಎಂಬ ಮೂರು ಅಂಕಿಗಳನ್ನು. ಇವು ಶುದ್ಧವಾದ ವಾರ್ತೆ. ಈ ನೀರು ಸಾಕೇ, ಸಾಲದೇ, ಬಿಡಬೇಕೇ, ಬಿಡಬಾರದೇ ಎಂಬುದು ಅಭಿಮತ. ಅಂಕಿ ಒಂದೇ ಆದರೂ ವಿಶ್ವೇಶ್ವರಯ್ಯ ನಾಲೆಯನ್ನು ನಂಬಿರುವ ಪಾಂಡವಪುರದ ಭತ್ತದ ಬೆಳೆಗಾರನು ಅದನ್ನು ಓದುವ ಬಗೆ ಬೇರೆ. ಹೇಮಾವತಿಯನ್ನು ನೋಡುತ್ತ ಕುಳಿತ ಕೃಷ್ಣರಾಜಪೇಟೆಯವನ ಬಗೆ ಬೇರೆ. ಆಕಾಶವನ್ನೇ ನಂಬಿದ ಹೊಲಗಳು ಹೆಚ್ಚಾಗಿರುವ ನಾಗಮಂಗಲದವನು ಕೇಳುವ ಪ್ರಶ್ನೆಯೇ ಬೇರೆ. ತಂಜಾವೂರಿನ ರೈತನ ಮನಸ್ಸು ಮತ್ತೊಂದು. ಇವರೆಲ್ಲರೂ ಒಂದೆಡೆ ಕುಳಿತು ವಾದಿಸಬೇಕಾದರೆ ಅವರೆಲ್ಲರೂ ಒಪ್ಪುವ ಒಂದು ಅಳತೆಗೋಲು ಇರಲೇಬೇಕು. ಆ ಅಳತೆಗೋಲಿಗೇ ಯಾರಾದರೂ ತಮಗೆ ಬೇಕಾದ ಬಣ್ಣ ಬಳಿದರೆ ಮುಂದೆ ಉಳಿಯುವುದು ವಾದವಲ್ಲ, ಕಲಹ.

ಸುಳ್ಳು ಬರೆಯದಿದ್ದರೆ ಸಾಕಲ್ಲವೇ ಎಂದು ಕೆಲವರು ಕೇಳಬಹುದು. ಸಾಲದು. ಕಟ್ಟೆಯಲ್ಲಿ ನೀರು 80 ಅಡಿ ಇದೆ ಎಂಬ ಮಾತು ಕೇಳಿದವನಿಗೆ ಮೂರರಲ್ಲಿ ಎರಡು ಪಾಲು ನೀರಿದೆಯೆಂದು ತೋರುತ್ತದೆ. ಆದರೆ ಜಲಾಶಯದ ಪಾತ್ರ ಮೇಲಕ್ಕೆ ಹೋದಂತೆ ಅಗಲವಾಗುತ್ತದೆ, ತಳದಲ್ಲಿ ಕಿರಿದಾಗಿರುತ್ತದೆ. ವಾಸ್ತವವಾಗಿ ಆಗ ಅಲ್ಲಿರುವುದು ಪೂರ್ಣ ಸಂಗ್ರಹದ ಕಾಲು ಭಾಗಕ್ಕಿಂತಲೂ ಕಡಮೆ. ಅಡಿಯ ಲೆಕ್ಕವನ್ನು ಮಾತ್ರ ಹೇಳಿ ಟಿಎಂಸಿಯ ಲೆಕ್ಕವನ್ನು ಬಿಟ್ಟವನು ಸುಳ್ಳಾಡಲಿಲ್ಲ, ನಿಜ. ಆದರೆ ಅವನ ಮಾತನ್ನು ನಂಬಿ ಒಟ್ಲು ಹಾಕಿದ ರೈತನ ಪೈರು ನಾಲೆಯ ನೀರು ನಿಂತು ಒಣಗಿದರೆ, ಆ ಅರ್ಧಸತ್ಯದ ಫಲವನ್ನು ಉಣ್ಣುವವರು ಯಾರು?

ಇನ್ನೊಂದು ನಿದರ್ಶನ. 2016ರ ಸೆಪ್ಟೆಂಬರ್ 5ರಂದು ಸರ್ವೋಚ್ಚ ನ್ಯಾಯಾಲಯವು ತಮಿಳುನಾಡಿಗೆ ಹತ್ತು ದಿನಗಳ ಕಾಲ 15,000 ಕ್ಯೂಸೆಕ್ ಪ್ರಮಾಣದಲ್ಲಿ ನೀರು ಬಿಡಬೇಕೆಂದು ಆದೇಶಿಸಿತು. 12ರಂದು ಅದನ್ನು ಮಾರ್ಪಡಿಸಿ ಪ್ರಮಾಣವನ್ನು 12,000 ಕ್ಯೂಸೆಕ್‌ಗೆ ಇಳಿಸಿತು. ಅವಧಿಯನ್ನು 20ನೆಯ ತಾರೀಖಿನವರೆಗೆ ಹೆಚ್ಚಿಸಿತು. ನೀರಿನ ಪ್ರಮಾಣ ಇಳಿಯಿತು ಎಂದು ತಲೆಬರಹ ಕೊಟ್ಟರೆ ಅದು ಸತ್ಯ. ದಿನಗಳು ಹೆಚ್ಚಿದುದರಿಂದ ಹರಿಯುವ ಒಟ್ಟು ನೀರು ಹೆಚ್ಚಿತು ಎಂದರೆ ಅದೂ ಸತ್ಯ. ಒಂದನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿ ಇನ್ನೊಂದನ್ನು ಒಳಪುಟದ ಮೂಲೆಗೆ ತಳ್ಳಿದಾಗ, ಒಂದು ಶಬ್ದವನ್ನೂ ಸುಳ್ಳಾಗಿ ಬರೆಯದೆಯೇ ಅಭಿಮತವು ವಾರ್ತೆಯ ವೇಷದಲ್ಲಿ ಮನೆಯೊಳಗೆ ಬಂದಿರುತ್ತದೆ.

ಅದೇ 12ನೆಯ ತಾರೀಖಿನಂದು ಬೆಂಗಳೂರಿನಲ್ಲಿ ಹತ್ತಾರು ಬಸ್ಸುಗಳು ಹೊತ್ತಿ ಉರಿದವು. ಪೊಲೀಸರ ಗುಂಡಿಗೆ ಜೀವವೂ ಬಲಿಯಾಯಿತು. ಅಲ್ಲಿ ನಮ್ಮವರ ಮೇಲೆ, ಇಲ್ಲಿ ಅವರವರ ಮೇಲೆ ನಡೆದ ಹಲ್ಲೆಯ ದೃಶ್ಯಗಳು ಕೈಯಿಂದ ಕೈಗೆ, ಮನೆಯಿಂದ ಮನೆಗೆ ಹರಿದಾಡಿದ ದಿನಗಳವು. ಹಲ್ಲೆ ನಡೆದುದು ಸುಳ್ಳಲ್ಲ. ಆದರೆ ಒಂದು ಏಟನ್ನು ನೂರು ಬಾರಿ ತೋರಿಸಿದರೆ ನೋಡುವವನ ಎದೆಯಲ್ಲಿ ನೂರು ಏಟುಗಳು ಬೀಳುತ್ತವೆ. ನಡೆದುದು ಒಮ್ಮೆ ಮಾತ್ರ. ಪುನರಾವೃತ್ತಿಯು ತೋರಿಸುವವನು ಸೇರಿಸಿದ ಅಭಿಮತ. 1991ರ ಡಿಸೆಂಬರಿನಲ್ಲಿ, ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶವು ರಾಜಪತ್ರದಲ್ಲಿ ಪ್ರಕಟವಾದ ಬಳಿಕ ನಡೆದ ಗಲಭೆಯಲ್ಲಿಯೂ, ತಲೆಮಾರುಗಳಿಂದ ಇಲ್ಲಿಯೇ ದುಡಿದು ಉಣ್ಣುತ್ತಿದ್ದ ತಮಿಳು ಮಾತಿನ ಬಡ ಕುಟುಂಬಗಳು ನೊಂದವು. ಅವರು ನಮ್ಮ ನೀರಿನ ಒಂದು ಹನಿಯನ್ನೂ ಕದ್ದವರಲ್ಲ.

ಹಾಗಾದರೆ ಪತ್ರಕರ್ತನಿಗೆ ನಾಡಿನ ಮೇಲೆ ಪ್ರೀತಿ ಇರಬಾರದೇ? ಒಣಗಿದ ಗದ್ದೆಯ ಮುಂದೆ ನಿಂತೂ ಅವನು ಕಲ್ಲಿನಂತಿರಬೇಕೇ? ಈ ಆಕ್ಷೇಪಣೆ ಹಗುರವಾದುದಲ್ಲ. ಪ್ರೀತಿ ಇರಲಿ, ಅದಕ್ಕೆ ಸಂಪಾದಕೀಯವೆಂಬ ಗೌರವದ ಸ್ಥಾನವಿದೆ. ಅಲ್ಲಿ ತನ್ನ ಹೆಸರಿನಲ್ಲಿ, ತನ್ನ ಹೊಣೆಯಲ್ಲಿ, ತನ್ನ ನಾಡಿನ ಪರವಾಗಿ ಅವನು ಎಷ್ಟು ಗಟ್ಟಿಯಾಗಿಯಾದರೂ ವಾದಿಸಲಿ. ಊಹೆಯನ್ನೂ ಟೀಕೆಯನ್ನೂ ವಾಸ್ತವವೆಂದು ಬಿಂಬಿಸಬಾರದೆಂದು ಭಾರತೀಯ ಪತ್ರಿಕಾ ಮಂಡಳಿಯ ನಡತೆಯ ನಿಯಮಗಳೂ ಹೇಳುತ್ತವೆ. ಅದೂ ಅಲ್ಲದೆ, ನಾಡಿಗೆ ಹಿತವಾಗುವುದು ಸರಿಯಾದ ಲೆಕ್ಕದಿಂದಲೇ. 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಕರ್ನಾಟಕದ ಪಾಲಿಗೆ 14.75 ಟಿಎಂಸಿ ಹೆಚ್ಚುವರಿ ನೀರು ದೊರೆತುದು ಬೀದಿಯಲ್ಲಿ ಕೂಗಿದ ಕೂಗಿನಿಂದಲ್ಲ. ನ್ಯಾಯಪೀಠದ ಮುಂದೆ ಅಂಕಿ ಅಂಶಗಳನ್ನಿಟ್ಟು ಮಂಡಿಸಿದ ವಾದದಿಂದ.

ಕೊನೆಯ ಮಾತು ವಾಚಕರಾದ ನಮ್ಮನ್ನು ಕುರಿತದ್ದು. 1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗರು ‘ಮಂಗಳೂರ ಸಮಾಚಾರ’ವನ್ನು ಹೊರತಂದಾಗ ಕನ್ನಡದಲ್ಲಿ ಸುದ್ದಿಯನ್ನು ಅಚ್ಚು ಹಾಕಿ ಹಂಚುವವರು ಅತಿ ವಿರಳ. ಇಂದು ಮೊಬೈಲು ಹಿಡಿದ ಪ್ರತಿಯೊಬ್ಬರೂ ಸುದ್ದಿ ಹಂಚುವವರೇ. ಹೀಗಿರುವಾಗ ಪತ್ರಿಕೆಗಳು ಪಕ್ಷಪಾತಿಗಳೆಂದು ದೂರುವುದು ಸುಲಭ. ನಮ್ಮ ಮನಸ್ಸಿಗೆ ಒಪ್ಪುವ ಸುದ್ದಿಯನ್ನು ವಿಚಾರಿಸದೆ ನಂಬಿ, ಒಪ್ಪದುದನ್ನು ಓದುವ ಮೊದಲೇ ಸುಳ್ಳೆನ್ನುವ ಪಕ್ಷಪಾತ ನಮ್ಮಲ್ಲಿಯೇ ಇಲ್ಲವೇ? ನಾವು ಬೇಡುವುದನ್ನೇ ಅಂಗಡಿಯವನು ತಂದಿಡುತ್ತಾನೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಕಾಣದುದನ್ನು ಇನ್ನೆಷ್ಟು ಪ್ರಮಾಣಿಸಬೇಕು!

ಆದುದರಿಂದ ಒಂದು ಸುದ್ದಿ ಕೈಗೆ ಬಂದಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ: ಇದರಲ್ಲಿ ಕಂಡುದೆಷ್ಟು, ತೋರಿದುದೆಷ್ಟು? ಹೇಳದೆ ಬಿಟ್ಟುದೇನು? ಇದೇ ಸುದ್ದಿಯನ್ನು ನದಿಯ ಕೆಳದಂಡೆಯವನು ಓದಿದರೆ ಇದು ನಿಜವೆಂದು ಒಪ್ಪುವನೇ? ನುಡಿ ನಡೆಗೆ ತಕ್ಕಂತಿರಬೇಕೆಂದು ನಂಬಿದವರಿಗೆ ಇದು ಹೊಸ ಪಾಠವಲ್ಲ. ಕಟ್ಟೆಯ ಗೋಡೆಯ ಮೇಲಿನ ಅಳತೆಯ ಗೆರೆ ಮೇಲ್ದಂಡೆಯವರದೂ ಅಲ್ಲ, ಕೆಳದಂಡೆಯವರದೂ ಅಲ್ಲ. ಅದು ನೀರಿನ ಮಟ್ಟವನ್ನಷ್ಟೇ ಹೇಳುತ್ತದೆ. ವಾರ್ತೆಯೂ ಹಾಗೆ ಇರಲಿ. ಆಮೇಲೆ ನ್ಯಾಯಕ್ಕಾಗಿ ನಾವು ವಾದಿಸೋಣ.