ಚರಾಕ್ಷರದ ಗಡಿ ಮತ್ತು ಅನನ್ಯತೆಯ ಪ್ರಶ್ನೆ

ಒಂದೇ ಹೆಸರು ಎರಡು ಕಡೆ ಕಾಣಿಸಿಕೊಂಡರೆ ಅದು ಸೂಚಿಸುವ ವಸ್ತುವೂ ಒಂದೇ ಎನ್ನಲು ಆಧಾರವೇನು ಎಂಬ ಹಳೆಯ ತಾತ್ತ್ವಿಕ ಪ್ರಶ್ನೆ, 2007ರಲ್ಲಿ ಮ್ಯಾಥಮ್ಯಾಟಿಕಾ ತಂತ್ರಾಂಶದ ಆರನೆಯ ಆವೃತ್ತಿಯೊಂದಿಗೆ ಬಂದ ‘ಮ್ಯಾನಿಪ್ಯುಲೇಟ್’ ಎಂಬ ಆದೇಶದಲ್ಲಿ ಹೊಸ ರೂಪ ತಾಳಿದೆ. ಲೆಕ್ಕ, ಬರಹ, ಚಿತ್ರಗಳನ್ನು ಒಂದೇ ಕಡತದಲ್ಲಿ ಹಿಡಿದಿಡುವ ನೋಟ್‌ಬುಕ್‌ನೊಳಗೆ ಈ ಆದೇಶವು ಒಂದು ಸ್ಲೈಡರನ್ನು, ಅಂದರೆ ಎಳೆದಂತೆಲ್ಲ ಬೆಲೆ ಬದಲಾಗುವ ಗುಂಡಿಯನ್ನು, ಒದಗಿಸುತ್ತದೆ. ಆ ಬೆಲೆಯನ್ನು ಹೊರುವ ಚರಾಕ್ಷರಕ್ಕೆ ‘ಎ’ ಎಂದು ಹೆಸರಿಟ್ಟು, ‘ಎ’ಯನ್ನು ಎರಡರಿಂದ ಗುಣಿಸುವ ಸೂತ್ರವನ್ನು ಆದೇಶದ ಹೊರಗೆ ಬರೆದು, ಒಳಗಿನಿಂದ ಅದನ್ನು ಕರೆದರೆ, ಗುಂಡಿಯನ್ನು ಎಷ್ಟು ಎಳೆದರೂ ಉತ್ತರ ‘2 ಎ’ ಎಂದೇ ಉಳಿಯುತ್ತದೆ, ಸಂಖ್ಯೆಯಾಗುವುದಿಲ್ಲ. ಕಣ್ಣಿಗೆ ಒಂದೇ ಆಗಿ ಕಾಣುವ ಆ ಎರಡು ‘ಎ’ಗಳು ಬೇರೆ ಬೇರೆ, ಒಳಗಿನದಕ್ಕೆ ತಂತ್ರಾಂಶ ಗುಟ್ಟಾಗಿ ಬೇರೆ ಹೆಸರನ್ನೇ ಕೊಟ್ಟಿರುತ್ತದೆ. ಹೆಸರೊಂದು ಸಲ್ಲುವ ಈ ಗಡಿಗೆ ವ್ಯಾಪ್ತಿ ಎನ್ನುತ್ತಾರೆ (ತರ್ಕಶಾಸ್ತ್ರದ ವ್ಯಾಪ್ತಿಗೂ ಇದಕ್ಕೂ ಸಂಬಂಧವಿಲ್ಲ). ಗಡಿಯನ್ನು ತೆಗೆದುಹಾಕುವ ಆಯ್ಕೆಯೂ ಉಂಟು. ಆಗ ಒಂದೇ ಹೆಸರಿನ ಎರಡು ಸ್ಲೈಡರುಗಳಲ್ಲಿ ಒಂದನ್ನು ಎಳೆದರೆ ಇನ್ನೊಂದೂ ಸರಿಯುತ್ತದೆ.

ಅದ್ವೈತದ ಓದುಗರಿಗೆ ಇಲ್ಲಿ ಗೌಡಪಾದರ ಮಾಂಡೂಕ್ಯಕಾರಿಕೆಯ ಘಟಾಕಾಶ ನೆನಪಾಗುವುದು ಸಹಜ: ಮಡಕೆಯೊಳಗಿನ ಆಕಾಶ ಬೇರೆಯಾಗಿ ತೋರುವುದು ಮಡಕೆಯೆಂಬ ಉಪಾಧಿಯಿಂದ, ಅಂದರೆ ವಸ್ತುವಿಗೆ ಸೇರದಿದ್ದರೂ ಅದನ್ನು ಸೀಮಿತವಾಗಿ ತೋರಿಸುವ ಆವರಣದಿಂದ. ಆದರೆ ಹೋಲಿಕೆ ಅರ್ಧ ದಾರಿಗೇ ನಿಲ್ಲುತ್ತದೆ, ಏಕೆಂದರೆ ಮಡಕೆಯ ಆಕಾಶಕ್ಕೆ ಗತವಿಲ್ಲ, ಸ್ಲೈಡರಿಗೆ ಇದೆ. ಮ್ಯಾನಿಪ್ಯುಲೇಟ್‌ನ ತಳದಲ್ಲಿರುವ ‘ಡೈನಾಮಿಕ್‌ಮಾಡ್ಯೂಲ್’ ಎಂಬ ರಚನೆ ಚರಾಕ್ಷರದ ಬೆಲೆಯನ್ನು ಕಡತದೊಳಗೇ ಉಳಿಸುವುದರಿಂದ, ಲೆಕ್ಕ ಮಾಡುವ ಭಾಗವಾದ ಕರ್ನಲ್ ಮುಚ್ಚಿಹೋದ ಮೇಲೂ, ಉಳಿಸಿಟ್ಟ ಕಡತವನ್ನು ಮತ್ತೆ ತೆರೆದಾಗ ಗುಂಡಿ ಬಿಟ್ಟಲ್ಲೇ ಇರುತ್ತದೆ.

ನಿಜವಾದ ತೊಡಕು ಆ ಸ್ಲೈಡರನ್ನು ನಕಲಿಸಿ ಕೆಳಗೆ ಅಂಟಿಸಿದಾಗ ಹುಟ್ಟುತ್ತದೆ. ನಕಲಿನ ಗಳಿಗೆಯವರೆಗೆ ಎರಡಕ್ಕೂ ಒಂದೇ ಗತ. ಆಮೇಲೆ ಒಂದನ್ನು ಏಳಕ್ಕೆ, ಇನ್ನೊಂದನ್ನು ಎರಡಕ್ಕೆ ಒಯ್ದರೆ ಯಾವುದೂ ಇನ್ನೊಂದನ್ನು ತಡೆಯದು. ಬೌದ್ಧ ಸಂವಾದಗ್ರಂಥವಾದ ಮಿಲಿಂದಪಞ್ಹದಲ್ಲಿ ಭಿಕ್ಷು ನಾಗಸೇನ, ಮರುಹುಟ್ಟು ಪಡೆದವನು ಹಿಂದಿನವನೇ ಅಲ್ಲ, ಬೇರೆಯವನೂ ಅಲ್ಲ ಎಂದು ಅರಸನಿಗೆ ಹೇಳುತ್ತಾನೆ. ಘಟಾಕಾಶಕ್ಕಿಂತ ಈ ಉತ್ತರ ಇಲ್ಲಿ ಹೆಚ್ಚು ಒಪ್ಪುತ್ತದೆ, ಆದರೂ ಆ ಸಂವಾದದಲ್ಲಿ ಹುಟ್ಟಿನಿಂದ ಹುಟ್ಟಿಗೆ ಸಾಗುವ ಪ್ರವಾಹ ಒಂದೇ, ಇಲ್ಲಿ ಅದು ಕವಲೊಡೆದಿದೆ. ಕವಲನ್ನು ನೇರವಾಗಿ ಎದುರಿಸಿದವರು ಇಂಗ್ಲೆಂಡಿನ ತತ್ತ್ವಜ್ಞಾನಿ ಡೆರೆಕ್ ಪಾರ್ಫಿಟ್. 1984ರ ತಮ್ಮ ‘ರೀಸನ್ಸ್ ಅಂಡ್ ಪರ್ಸನ್ಸ್’ ಗ್ರಂಥದಲ್ಲಿ ಅವರು, ಇಂಥ ಕಡೆ ಮುಖ್ಯವಾದುದು ಅನನ್ಯತೆಯಲ್ಲ, ನೆನಪು ಮತ್ತು ಸ್ವಭಾವಗಳ ಮುಂದುವರಿಕೆ ಎಂದು ವಾದಿಸಿದರು. ಒಬ್ಬ ಕಂಡದ್ದನ್ನು ಇನ್ನೊಬ್ಬ ನೆನೆಯಲಾರನಾದ್ದರಿಂದ ನೆನಪಿಗೆ ಒಬ್ಬನೇ ಆತ್ಮ ಬೇಕೆನ್ನುವ ನೈಯಾಯಿಕರಿಗೆ ಇದು ಸಮ್ಮತವಾಗದು. ಸ್ಲೈಡರಿಗೆ ಅವರ ಆಕ್ಷೇಪ ತಾಗುವುದಿಲ್ಲ, ಏಕೆಂದರೆ ಅದರ ಗತ ಕಡತದಲ್ಲಿ ಬರೆದಿಟ್ಟದ್ದೇ ಹೊರತು ಯಾರೂ ನೆನೆದದ್ದಲ್ಲ; ಮನುಷ್ಯನ ವಿಷಯದಲ್ಲಾದರೋ ಆ ಆಕ್ಷೇಪಕ್ಕೆ ಉತ್ತರ ಹೇಳದೆ ಪಾರ್ಫಿಟ್ ಅವರನ್ನು ಒಪ್ಪುವಂತಿಲ್ಲ.